ಗೂಬೆ ಕೂರಿಸೋದಕ್ಕೆ ತಲೆಗಳುಂಟು, ಗೂಬೆ ಕೂರೋದಕ್ಕೆ ಜಾಗವಿಲ್ಲ!

ಕಂಡವರ ತಲೆ ಮೇಲೆ ಗೂಬೆ ಕೂರಿಸೋದರಲ್ಲಿ ನಮ್ಮ ಜನ ಗ್ರಾಮ ಪಂಚಾಯ್ತಿಯಿಂದ ಹಿಡಿದು ವಿಧಾನಸೌಧದ ತನಕ ನಿಸ್ಸೀಮರು. ನಲ್ಲೀಲಿ ನೀರು ಬರದಿದ್ದರೆ ವಾಟರ್‌ಮ್ಯಾನ್ ತಲೆ ಮೇಲೆ ಗೂಬೆ. ಬಸ್ಸು ತಡವಾದರೆ ಡ್ರೈವರ್ ತಲೆ ಮೇಲೆ ಗೂಬೆ. ವ್ಯಾಪಾರ ಡಲ್ ಹೊಡೆದರೆ ಎದುರಂಗಡಿಯವನ ತಲೆ ಮೇಲೆ ಗೂಬೆ. ಆದರೆ ನಿಜವಾದ ಗೂಬೆಯೊಂದು ಪ್ರತಿ ವರ್ಷ ಸಾವಿರಾರು ಮೈಲಿ ಹಾರಿ ಬಂದು, ‘ಚಳಿಗಾಲ ಕಳೆಯೋ ತನಕ ಕೂರೋದಕ್ಕೆ ಒಂದಿಷ್ಟು ಒಣಹುಲ್ಲು ಬಿಡಿ’ ಅಂದರೆ ಅದಕ್ಕೆ ಮಾತ್ರ ನಮ್ಮ ಹತ್ತಿರ ಜಾಗವಿಲ್ಲ.

ಇವತ್ತಿನ ಅಂಕಣ ಆ ಗೂಬೆಯದು. ಗೂಬೆ ಅಂದ ಕೂಡಲೇ ಪುಟ ಮಡಚಬೇಡಿ ಸ್ವಾಮಿ. ಅಂಗಡಿಯಲ್ಲಿ ರಾಗಿ ಮೂಟೆ, ಕಡ್ಲೆಕಾಯಿ ಮೂಟೆ ಇಟ್ಟುಕೊಂಡು ಇಲಿ ಕಾಟಕ್ಕೆ ತಲೆ ಚಚ್ಚಿಕೊಳ್ಳೋರಿಗೂ, ಸಂಜೆ ಬಸ್ಸಿನ ಕಿಟಕಿ ಪಕ್ಕ ಕೂತು ಮಧುಗಿರಿ, ಶಿರಾ, ಪಾವಗಡದ ಕಡೆ ಹೋಗೋರಿಗೂ ಇದರಲ್ಲಿ ಸಂಬಂಧ ಇದೆ.

ಯಾವ ಗೂಬೆ ಇದು?

ಗೂಬೆಗಳಲ್ಲಿ ನಮಗೆ ಗೊತ್ತಿರೋದು ಎರಡೋ ಮೂರೋ. ಹುಣಸೆಮರದ ಪೊಟರೆಯಲ್ಲಿ ಜೋಡಿಯಾಗಿ ಕೂತು ಕಿರ್ರ್ ಅನ್ನೋ ಹಾಲಕ್ಕಿ. ಹಳೇ ಗೋಪುರ, ಪಾಳುಮನೆ, ಗೋದಾಮುಗಳಲ್ಲಿ ವಾಸ ಮಾಡೋ ಬಿಳಿ ಮುಖದ ಕಣಜದ ಗೂಬೆ. ಕಲ್ಲುಗುಡ್ಡದ ಬಂಡೆ ಸಂದಿಯಲ್ಲಿ ಕೂತು ಗಂಭೀರವಾಗಿ ಕೂಗೋ ದೊಡ್ಡ ಕೊಂಬಿನ ಗೂಬೆ. ಇವೆಲ್ಲಾ ಇಲ್ಲಿಯವೇ, ಹುಟ್ಟಿ ಬೆಳೆದು ಸಾಯೋದು ಇಲ್ಲೇ.

ನಾವು ಹೇಳ್ತಿರೋದು ಪರದೇಶಿ. ಪುಸ್ತಕದ ಹೆಸರು ‘ಶಾರ್ಟ್ ಈಯರ್ಡ್ ಔಲ್’. ನಾವು ಗಿಡ್ಡಕಿವಿ ಗೂಬೆ ಅಂತ ಕರೆಯೋಣ. ತೂಕ ಇನ್ನೂರು ಗ್ರಾಮಿನಿಂದ ನಾನೂರ ಎಪ್ಪತ್ತೈದು ಗ್ರಾಂ ತನಕ. ಅಂದರೆ ನಿಮ್ಮ ಅಂಗಡಿಯ ಅರ್ಧ ಕೆ.ಜಿ. ಸಕ್ಕರೆ ಪೊಟ್ಟಣಕ್ಕಿಂತ ಹಗುರ. ಆದರೆ ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಹೆಚ್ಚು ಕಡಿಮೆ ಬಟ್ಟೆ ಅಂಗಡಿಯ ಮೀಟರ್ ಕೋಲಿನಷ್ಟು ಉದ್ದ. ಮೈ ಸಣ್ಣದು, ರೆಕ್ಕೆ ದೊಡ್ಡದು. ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದ ಶರೀರ.

ಬಣ್ಣ ಒಣಗಿದ ಹುಲ್ಲಿನದು. ಹಳದಿ ಕಂದು ಮೈ ಮೇಲೆ ಕಪ್ಪು ಗೀರುಗಳು. ಕಣ್ಣು ನಿಂಬೆಹಣ್ಣಿನ ಹಳದಿ, ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು. ತಲೆ ಮೇಲೆ ಚಿಕ್ಕ ಎರಡು ಗರಿ ಕುಚ್ಚು; ಹೆಸರಿಗೆ ಅದೇ ಕಿವಿ. ಆದರೆ ಅದು ಕಿವಿಯಲ್ಲ, ಬರೀ ಗರಿ. ಅದೂ ಎಷ್ಟು ಗಿಡ್ಡ ಅಂದರೆ ಹಕ್ಕಿ ಗಾಬರಿಯಾಗಿ ನಿಮಿರಿಸಿದಾಗ ಮಾತ್ರ ಕಾಣುತ್ತೆ. ನಿಜವಾದ ಕಿವಿ ತಟ್ಟೆಯಂಥ ಮುಖದ ಎರಡೂ ಬದಿಯಲ್ಲಿ ಗರಿಗಳ ಅಡಿಯಲ್ಲಿದೆ. ಹುಲ್ಲಿನ ಬುಡದಲ್ಲಿ ಇಲಿ ಸರಿದಾಡಿದ ಸದ್ದು ಹಿಡಿಯೋದು ಆ ಕಿವಿ.

ಪಾಸೂ ಇಲ್ಲ, ಪರ್ಮಿಟ್ಟೂ ಇಲ್ಲ

ಈ ಗೂಬೆಯ ತವರು ಹಿಮಾಲಯದ ಆಚೆ. ಸೈಬೀರಿಯಾ, ಮಂಗೋಲಿಯಾ, ಮಧ್ಯ ಏಷ್ಯಾದ ಬಯಲು ನೆಲ. ಚಳಿ ಶುರುವಾಗಿ ಆ ನೆಲದ ಮೇಲೆ ಹಿಮ ಕವಿದರೆ ಇಲಿಗಳು ಹಿಮದ ಅಡಿಗೆ ಸೇರಿಕೊಳ್ಳುತ್ತವೆ. ಹೊಟ್ಟೆಪಾಡಿಗೆ ಗೂಬೆ ದಕ್ಷಿಣಕ್ಕೆ ಹೊರಡಬೇಕು. ಅಕ್ಟೋಬರ್ ಹೊತ್ತಿಗೆ ಉತ್ತರ ಭಾರತ ತಲುಪುತ್ತೆ, ಅಲ್ಲಿಂದ ಹರಡಿಕೊಂಡು ಕರ್ನಾಟಕದ ಬಯಲಿಗೂ ಬರುತ್ತೆ. ಮಾರ್ಚ್ ಹೊತ್ತಿಗೆ ವಾಪಸ್ ಗಾಡಿ.

ಗೂಬೆಗಳಲ್ಲಿ ಬಹುಪಾಲು ಮನೆ ಬಿಟ್ಟು ದೂರ ಹೋಗೋ ಜಾತಿಯಲ್ಲ. ಇದು ಹಾಗಲ್ಲ, ಅಲೆಮಾರಿ. ಸಮುದ್ರ ದಾಟೋದಕ್ಕೂ ಅಂಜೋದಿಲ್ಲ. ನಡು ಸಮುದ್ರದಲ್ಲಿ ಹಡಗಿನ ಮೇಲೆ ಇಳಿದು ಸುಧಾರಿಸಿಕೊಂಡು ಮುಂದೆ ಹೋದದ್ದುಂಟು. ಹೀಗೆ ಹಾರಿ ಹಾರಿಯೇ ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳನ್ನೂ, ದಕ್ಷಿಣ ಅಮೆರಿಕದಾಚೆಯ ಗಲಪಗೋಸ್ ದ್ವೀಪಗಳನ್ನೂ ಸೇರಿಕೊಂಡಿದೆ. ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾ ಬಿಟ್ಟರೆ ಉಳಿದೆಲ್ಲ ಖಂಡಗಳಲ್ಲೂ ಈ ಜಾತಿ ಇದೆ.

ಇದಕ್ಕೆ ಗೊತ್ತಾದ ಸ್ಟಾಪ್ ಅಂತ ಇಲ್ಲ. ಹೋದ ವರ್ಷ ಇಳಿದ ಗೋಮಾಳಕ್ಕೇ ಈ ವರ್ಷವೂ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಎಲ್ಲಿ ಇಲಿ ಹೆಚ್ಚೋ ಅಲ್ಲಿ ಬಿಡಾರ. ಕುರಿ ಮೇವು ನೋಡಿಕೊಂಡು ಹಟ್ಟಿ ಬದಲಾಯಿಸೋ ಹಾಗೆ ಇದು ಇಲಿ ನೋಡಿಕೊಂಡು ಊರು ಬದಲಾಯಿಸುತ್ತೆ. ಹಾಗಾಗಿ ಒಂದೇ ಒಂದು ಗೋಮಾಳ ಉಳಿಸಿ ‘ಗೂಬೆಗೆ ಇಷ್ಟು ಸಾಕು’ ಅಂದರೆ ಆಗೋದಿಲ್ಲ. ದಾರಿಯುದ್ದಕ್ಕೂ ಅಲ್ಲೊಂದು ಇಲ್ಲೊಂದು ಬಯಲು ಉಳಿದಿರಬೇಕು.

ಮರ ಬೇಡ, ಮಾಳ ಸಾಕು

ಗೂಬೆ ಅಂದರೆ ಮರದ ಪೊಟರೆ ಅಂತ ನಮ್ಮ ಲೆಕ್ಕ. ಈ ಗೂಬೆಗೆ ಮರವೇ ಬೇಡ. ಹಗಲು ಮಲಗೋದು ನೆಲದ ಮೇಲೆ. ಮೊಣಕಾಲುದ್ದ ಹುಲ್ಲಿನ ನಡುವೆ, ಪೊದೆಯ ನೆರಳಲ್ಲಿ, ಬದುವಿನ ಮಗ್ಗುಲಲ್ಲಿ ಮೈ ಅಂಟಿಸಿಕೊಂಡು ಕೂತುಬಿಡುತ್ತೆ. ಒಂದೇ ಕಡೆ ನಾಲ್ಕಾರು ಕೂತಿರೋದೂ ಉಂಟು. ಕಣ್ಣನ್ನು ಸೀಳಿನಷ್ಟು ಮುಚ್ಚಿಕೊಂಡರೆ ಮುಗೀತು, ಹುಲ್ಲು ಯಾವುದು ಗೂಬೆ ಯಾವುದು ಗೊತ್ತಾಗೋದಿಲ್ಲ. ಕುರಿ ಕಾಯೋರ ಕಾಲಿಗೆ ಎಡವೋ ಹಾಗಾದಾಗ ಮಾತ್ರ ಬುರ್ ಅಂತ ಎದ್ದು, ಸ್ವಲ್ಪ ದೂರ ಹೋಗಿ ಮತ್ತೆ ಕೂರುತ್ತೆ.

ಬೇಟೆ ಹೊತ್ತೂ ಬೇರೆ. ಬೇರೆ ಗೂಬೆಗಳ ಹಾಗೆ ಕತ್ತಲಾಗಲಿ ಅಂತ ಕಾಯೋದಿಲ್ಲ. ಸಂಜೆ ಹೊತ್ತು ಇಳಿಯುವಾಗಲೇ ಕೆಲಸಕ್ಕೆ ಇಳಿಯುತ್ತೆ, ಬೆಳಗಿನ ಜಾವ ಮತ್ತೊಂದು ಪಾಳಿ. ಮೋಡ ಮುಸುಕಿದ ದಿನ ಹಾಡುಹಗಲಲ್ಲೇ ಕಂಡರೂ ಆಶ್ಚರ್ಯವಿಲ್ಲ. ಹುಲ್ಲಿನ ಮೇಲೆ ಆಳೆತ್ತರದಲ್ಲಿ, ದೊಡ್ಡ ಪತಂಗದ ಹುಳು ಹಾರೋ ಹಾಗೆ ಮೆಲ್ಲಗೆ ರೆಕ್ಕೆ ಬಡಿಯುತ್ತಾ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೇಲುತ್ತೆ. ಸದ್ದು ಸೊನ್ನೆ. ರೆಕ್ಕೆಯ ಮುಂದಿನ ಗರಿಯ ಅಂಚು ಬಾಚಣಿಗೆ ಹಲ್ಲಿನ ಹಾಗಿದೆ. ಗಾಳಿ ಅದರಲ್ಲಿ ಸೀಳಿ ಹೋಗೋದರಿಂದ ಬಡಿತದ ಶಬ್ದ ಏಳೋದಿಲ್ಲ. ಇಲಿಯ ಸುಳಿವು ಸಿಕ್ಕಿತೋ, ಗಾಳಿಯಲ್ಲೇ ಒಂದು ಗಳಿಗೆ ನಿಂತು, ರೆಕ್ಕೆ ಎತ್ತಿ ಕಾಲು ಮುಂದು ಮಾಡಿ ಹುಲ್ಲಿಗೆ ಬೀಳುತ್ತೆ.

ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿ ನುಂಗುತ್ತೆ. ಆಮೇಲೆ ಅರಗದ ಮೂಳೆ, ಕೂದಲು ಉಂಡೆ ಕಟ್ಟಿ ಬಾಯಿಂದಲೇ ಹೊರಗೆ ಬರುತ್ತೆ. ಗೂಬೆ ಕೂತಿದ್ದ ಜಾಗದಲ್ಲಿ ಬೂದುಬಣ್ಣದ ಆ ಉಂಡೆ ಸಿಕ್ಕರೆ ಬಿಡಿಸಿ ನೋಡಿ, ಒಳಗೆ ಇಲಿಯ ತಲೆಬುರುಡೆ, ಹಲ್ಲು ಎಲ್ಲ ಸಿಗುತ್ತೆ. ಹಕ್ಕಿ ಏನು ತಿಂದಿತ್ತು ಅನ್ನೋದಕ್ಕೆ ಬೇರೆ ರಶೀತಿ ಬೇಕಿಲ್ಲ. ದೇಶ ದೇಶಗಳ ಹಕ್ಕಿ ಪಂಡಿತರು ಗೂಬೆಯ ಊಟದ ಲೆಕ್ಕ ಬರೆದಿರೋದು ಇಂಥ ಉಂಡೆಗಳಿಂದಲೇ.

ಅಂಗಡಿಯವರಿಗೆ ಒಂದು ಲೆಕ್ಕ

ಈಗ ಲಾಭ ನಷ್ಟದ ಮಾತಿಗೆ ಬರೋಣ. ಈ ಹಕ್ಕಿ ನಮ್ಮ ಸೀಮೆಗೆ ಬರೋ ಹೊತ್ತು ಯಾವುದು? ರಾಗಿ ತೆನೆ ಬಲಿತು ಕೊಯ್ಲಿಗೆ ಬರೋ ಹೊತ್ತು. ಕೊಯ್ದ ರಾಗಿ ಮೆದೆ ಹಾಕೋ ಹೊತ್ತು. ಇಲಿಗಳಿಗೆ ವರ್ಷದ ಜಾತ್ರೆ ಅದೇ. ಹೊಲದಲ್ಲಿ ತಿಂದದ್ದು ಸಾಲದೆ ತೆನೆ ಕತ್ತರಿಸಿ ಬಿಲಕ್ಕೆ ಸಾಗಿಸಿ ಕಣಜ ಮಾಡಿಕೊಳ್ಳೋ ಇಲಿಗಳೂ ಇವೆ. ಬಿಲ ಅಗೆದು ಸೇರುಗಟ್ಟಲೆ ಕಾಳು ತೆಗೆದದ್ದನ್ನ ಹಳ್ಳಿ ಹಿರಿಯರು ಇವತ್ತಿಗೂ ಹೇಳ್ತಾರೆ.

ಗೂಬೆ ದಿನಕ್ಕೆ ಇಲಿಯ ಗಾತ್ರ ನೋಡಿಕೊಂಡು ಒಂದೋ ಎರಡೋ ಹಿಡಿಯುತ್ತೆ. ಸಣ್ಣ ಚಿಟ್ಟಿಲಿಯಾದರೆ ಇನ್ನೂ ಹೆಚ್ಚು. ಎರಡು ಅಂತಲೇ ಹಿಡಿಯಿರಿ. ನವೆಂಬರ್‌ನಿಂದ ಫೆಬ್ರವರಿ ತನಕ ನೂರಿಪ್ಪತ್ತು ದಿನ. ಎರಡರಂತೆ ಇನ್ನೂರ ನಲವತ್ತು ಇಲಿ. ಇದು ಒಂದು ಗೂಬೆಯ ಲೆಕ್ಕ. ಕೂಲಿ ಇಲ್ಲ, ಭತ್ಯೆ ಇಲ್ಲ, ಬೋನಸ್ ಕೇಳೋದಿಲ್ಲ. ಇಲಿ ಕಡಿಮೆಯಾದರೆ ಮಿಡತೆಯಂಥ ಹುಳಕ್ಕೂ ಕೈ ಹಾಕುತ್ತೆ, ಅದೂ ರೈತನಿಗೆ ಉಪಕಾರವೇ. ಸಣ್ಣಪುಟ್ಟ ಹಕ್ಕಿಯನ್ನೂ ಹಿಡಿಯೋದುಂಟು, ಇಲ್ಲ ಅಂತಲ್ಲ. ಆದರೆ ಮುಖ್ಯ ಊಟ ಇಲಿಯೇ.

ಇದೇ ಗೂಬೆ ಇತಿಹಾಸದಲ್ಲಿ ದಾಖಲಾದ ಒಂದು ಪ್ರಸಂಗ ಇದೆ. 1890ರ ದಶಕದ ಆರಂಭದಲ್ಲಿ ದಕ್ಷಿಣ ಸ್ಕಾಟ್ಲೆಂಡಿನ ಕುರಿ ಮೇಯೋ ಗುಡ್ಡಗಳಲ್ಲಿ ‘ವೋಲ್’ ಅನ್ನೋ ಗಿಡ್ಡ ಬಾಲದ ಹೊಲದಿಲಿ ಹಾವಳಿ ಎದ್ದಿತು. ಗುಡ್ಡಕ್ಕೆ ಗುಡ್ಡವೇ ಹುಲ್ಲಿಲ್ಲದೆ ಬೋಳಾಯಿತು, ಕುರಿಗಳಿಗೆ ಮೇವಿಲ್ಲದೆ ಸಾಕಿದವರು ಬಾಯಿ ಬಾಯಿ ಬಡಕೊಂಡರು. ವಿಚಾರಣೆಗೆ ಸರ್ಕಾರ ಸಮಿತಿಯನ್ನೇ ನೇಮಿಸಬೇಕಾಯಿತು. ಆಗ ಎಲ್ಲೆಲ್ಲಿಂದಲೋ ಈ ಗಿಡ್ಡಕಿವಿ ಗೂಬೆಗಳು ಹಿಂಡು ಹಿಂಡಾಗಿ ಬಂದು ಅಲ್ಲೇ ಬಿಡಾರ ಹೂಡಿ, ಮೊಟ್ಟೆ ಇಟ್ಟು ಮರಿ ಮಾಡಿ ಇಲಿಗಳನ್ನ ಬೇಟೆಯಾಡಿದವು. ಗೂಬೆ ಒಂದರಿಂದಲೇ ಹಾವಳಿ ಮುಗಿಯಿತು ಅನ್ನೋದು ಸರಿಯಲ್ಲ. ಆದರೆ ಕರೆಯದೆ ಬಂದು ಕೈ ಜೋಡಿಸಿದ ನೆಂಟ ಅದು ಅನ್ನೋದರಲ್ಲಿ ಅನುಮಾನವಿಲ್ಲ.

ಇಲಿ ನೋಡಿ ಮೊಟ್ಟೆ

ತವರಿನಲ್ಲಿ ಇದರ ಸಂಸಾರ ನಡೆಯೋದೂ ಇಲಿ ಲೆಕ್ಕದ ಮೇಲೇ. ವಸಂತ ಬಂತೆಂದರೆ ಗಂಡು ಆಕಾಶಕ್ಕೆ ಏರಿ, ಹೊಟ್ಟೆಯ ಕೆಳಗೆ ಎರಡೂ ರೆಕ್ಕೆಗಳನ್ನ ಒಂದಕ್ಕೊಂದು ಬಡಿದು ಚಪ್ಪಾಳೆ ತಟ್ಟುತ್ತೆ. ಅದು ಹೆಣ್ಣಿಗೆ ಕೊಡೋ ಕರೆ. ಹೆಣ್ಣು ಒಪ್ಪಿದರೆ ನೆಲದಲ್ಲೇ ಒಂದು ಕುಳಿ ಕೆರೆದು, ಹುಲ್ಲು ಹಾಸಿ, ಮೊಟ್ಟೆ ಇಡುತ್ತೆ. ಸಾಮಾನ್ಯವಾಗಿ ನಾಲ್ಕರಿಂದ ಏಳು. ಇಲಿ ಸಮೃದ್ಧಿಯಾದ ವರ್ಷ ಹತ್ತರ ತನಕ ಹೋಗುತ್ತೆ. ಇಲಿ ಬರಗಾಲ ಬಿದ್ದ ವರ್ಷ ಮೊಟ್ಟೆಯ ಯೋಚನೆಯನ್ನೇ ಬಿಟ್ಟು ಬೇರೆ ನೆಲ ಹುಡುಕಿಕೊಂಡು ಹೊರಡುತ್ತೆ. ಆದಾಯ ನೋಡಿ ಖರ್ಚು ಮಾಡೋದನ್ನ ಈ ಹಕ್ಕಿಯಿಂದ ಕಲೀಬೇಕು.

ಕಾವು ಕೂರೋದು ಹೆಣ್ಣಿನ ಕೆಲಸ, ಸುಮಾರು ನಾಲ್ಕು ವಾರ. ಅಷ್ಟು ದಿನವೂ ಊಟ ತಂದು ಕೊಡೋದು ಗಂಡಿನ ಜವಾಬ್ದಾರಿ. ಮರಿಗಳು ಹಾರೋದಕ್ಕೆ ಬರೋ ಮುಂಚೆಯೇ, ಎರಡು ವಾರಕ್ಕೆಲ್ಲಾ, ಗೂಡು ಬಿಟ್ಟು ನಡೆದುಕೊಂಡೇ ಹುಲ್ಲಿನೊಳಗೆ ಚದುರಿಬಿಡುತ್ತವೆ. ನೆಲದ ಗೂಡಿಗೆ ನರಿ ಬಂದರೆ ಎಲ್ಲಾ ಒಂದೇ ತುತ್ತಾಗಬಾರದಲ್ಲ? ಶತ್ರು ತೀರಾ ಹತ್ತಿರ ಬಂದರೆ ದೊಡ್ಡ ಹಕ್ಕಿ ರೆಕ್ಕೆ ಮುರಿದವರ ಹಾಗೆ ನೆಲದ ಮೇಲೆ ಒದ್ದಾಡಿ ನಾಟಕ ಮಾಡಿ ಅದನ್ನ ಗೂಡಿನಿಂದ ದೂರ ಕರಕೊಂಡು ಹೋಗುತ್ತೆ.

ಇಷ್ಟೆಲ್ಲಾ ಕಷ್ಟಪಟ್ಟು ಬೆಳೆದ ಮರಿ, ಹುಟ್ಟಿದ ವರ್ಷವೇ, ಹಿಂದೆ ನೋಡದ ದಾರಿ ಹಿಡಿದು ದಕ್ಷಿಣಕ್ಕೆ ಹೊರಡುತ್ತೆ. ಅಂಥ ಹಕ್ಕಿ ಇಲ್ಲಿ ಬಂದು ಇಳಿದಾಗ ನಮ್ಮ ಸ್ವಾಗತ ಹೇಗಿದೆ?

ಹಾಲಕ್ಕಿಗೆ ಕಾಸು, ಗೂಬೆಗೆ ಕಲ್ಲು

ಮೊದಲನೆಯದು ಕಲ್ಲು. ಗೂಬೆ ಮನೆ ಮೇಲೆ ಕೂತರೆ ಸಾವು, ಕೂಗಿದರೆ ಕೇಡು ಅಂತ ನಮ್ಮಲ್ಲಿ ನಂಬಿಕೆ. ತಮಾಷೆ ಏನು ಗೊತ್ತೇ? ಈ ಗಿಡ್ಡಕಿವಿ ಗೂಬೆ ಮನೆ ಮೇಲೆ ಕೂರೋದೇ ಇಲ್ಲ, ಊರೊಳಗೆ ಬರೋದೇ ಇಲ್ಲ. ಚಳಿಗಾಲದಲ್ಲಿ ಬಹುತೇಕ ಮೌನಿ, ಕೂಗೋದು ಅಪರೂಪ. ಮಾಡದ ತಪ್ಪಿಗೆ ಅದರ ತಲೆ ಮೇಲೂ ಗೂಬೆ!

ಇನ್ನೊಂದು ತಮಾಷೆ ನೋಡಿ. ಬೆಳಗಿನ ಜಾವ ಬುಡುಬುಡಿಕೆಯವರು ಬೀದಿಗೆ ಬಂದು ‘ಹಾಲಕ್ಕಿ ಶಕುನ’ ಹೇಳಿದರೆ ಕೈಯಲ್ಲಿ ಕಾಸೋ, ಮೊರದಲ್ಲಿ ರಾಗಿಯೋ ಹಾಕಿ ಕಳಿಸ್ತೀವಿ. ಹಾಲಕ್ಕಿ ನುಡಿದರೆ ಶುಭ. ಆದರೆ ಹಾಲಕ್ಕಿ ಯಾರು ಸ್ವಾಮಿ? ಅದೂ ಗೂಬೆಯೇ! ಬಂಗಾಳದಲ್ಲಿ ಗೂಬೆ ಲಕ್ಷ್ಮೀದೇವಿಯ ವಾಹನ. ಇದೇ ಗಿಡ್ಡಕಿವಿ ಗೂಬೆಯನ್ನ ಹವಾಯಿಯ ಮೂಲನಿವಾಸಿಗಳು ‘ಪುಎಓ’ ಅಂತ ಕರೆದು, ಮನೆತನ ಕಾಯೋ ಹಿರಿಯರ ಆತ್ಮ ಅಂತ ಗೌರವಿಸುತ್ತಾ ಬಂದಿದ್ದಾರೆ. ಒಂದೇ ಹಕ್ಕಿ ಅಲ್ಲಿ ಕುಲದೇವರು, ಇಲ್ಲಿ ಅಪಶಕುನ. ತಪ್ಪು ಹಕ್ಕಿಯದೋ, ನೋಡೋ ಕಣ್ಣಿನದೋ?

ನಂಬಿಕೆ ಕಲ್ಲಿನಲ್ಲೇ ನಿಂತಿದ್ದರೆ ಹೇಗೋ ಆಗ್ತಿತ್ತು. ಮಾಟ, ಮಂತ್ರ, ನಿಧಿ ಹುಡುಕಾಟದ ಹೆಸರಲ್ಲಿ ಗೂಬೆ ವ್ಯಾಪಾರವೇ ನಡೆಯುತ್ತೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡೋ ‘ಟ್ರಾಫಿಕ್ ಇಂಡಿಯಾ’ ಸಂಸ್ಥೆ 2010ರಲ್ಲಿ ಹೊರತಂದ ವರದಿ ಪ್ರಕಾರ ಭಾರತದ 30 ಜಾತಿ ಗೂಬೆಗಳಲ್ಲಿ 15 ಜಾತಿ ಈ ಕಳ್ಳ ವ್ಯಾಪಾರದಲ್ಲಿ ಕಂಡುಬಂದಿವೆ. ದೀಪಾವಳಿ ಹೊತ್ತಿಗೆ ಇದರ ಜೋರು ಹೆಚ್ಚು. ವಲಸೆ ಗೂಬೆ ದೇಶಕ್ಕೆ ಬಂದಿಳಿಯೋದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗೂಬೆ ಹಿಡಿಯೋದು, ಮಾರೋದು, ಕೊಳ್ಳೋದು ಎಲ್ಲವೂ ಅಪರಾಧ. ಕೊಂಡವನೂ ಕಂಬಿ ಎಣಿಸಬೇಕಾಗುತ್ತೆ. ಗೂಬೆಯಿಂದ ನಿಧಿ ಸಿಗುತ್ತೆ ಅಂತ ನಿಮಗೆ ಯಾರಾದರೂ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಹಾಗಿದ್ದರೆ ಮಾರೋನು ಯಾಕೆ ಇನ್ನೂ ಬಡವ?

ಪಾಷಾಣದ ಪೊಟ್ಟಣ

ಎರಡನೆಯದು ವಿಷ. ಇದು ನೇರವಾಗಿ ಅಂಗಡಿಯವರಿಗೆ ಸಂಬಂಧಿಸಿದ್ದು. ಈಗ ಸಿಗೋ ಇಲಿ ಔಷಧಿಗಳಲ್ಲಿ ಬ್ರೋಮಡಯೋಲೋನ್ ಅನ್ನೋದು ಸಾಮಾನ್ಯ. ಬಿಲ್ಲೆ ರೂಪದಲ್ಲಿ ಬರುತ್ತೆ. ಇದನ್ನ ತಿಂದ ಇಲಿ ಅಲ್ಲೇ ಬಿದ್ದು ಸಾಯೋದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿ ಒಳಗೊಳಗೇ ರಕ್ತಸ್ರಾವವಾಗಿ ಸಾಯೋದಕ್ಕೆ ನಾಲ್ಕೈದು ದಿನ ಹಿಡಿಯುತ್ತೆ. ಅಷ್ಟು ದಿನ ಇಲಿ ಮಂಕಾಗಿ, ತೂರಾಡಿಕೊಂಡು ಬಯಲಲ್ಲೇ ತಿರುಗುತ್ತೆ. ಗೂಬೆಗೆ ಇದಕ್ಕಿಂತ ಸುಲಭದ ಬೇಟೆ ಸಿಕ್ಕೀತೇ? ಹಿಡಿದು ನುಂಗುತ್ತೆ. ಇಲಿಯ ಹೊಟ್ಟೆಯ ವಿಷ ಗೂಬೆಯ ಈಲಿಯಲ್ಲಿ ಸೇರಿಕೊಳ್ಳುತ್ತೆ. ಅಂಥ ನಾಲ್ಕಾರು ಇಲಿ ತಿಂದರೆ ಗೂಬೆಯ ಕಥೆಯೂ ಮುಗಿಯುತ್ತೆ.

ಫಲ ಏನು? ಇಲಿ ಹಿಡಿಯೋನನ್ನೇ ಕೊಂದ ಹಾಗಾಯಿತು. ಇಲಿ ಸಂತಾನ ಮೂರು ತಿಂಗಳಲ್ಲಿ ಮತ್ತೆ ಎದ್ದು ನಿಲ್ಲುತ್ತೆ, ಗೂಬೆ ಸಂತಾನ ನಿಲ್ಲೋದಿಲ್ಲ. ಅಂಗಡಿ, ಮನೆ ಒಳಗೆ ಬೋನು ಇಡಿ, ಮೂಟೆಗಳನ್ನ ಹಲಗೆ ಮೇಲೆ ಎತ್ತಿಡಿ, ಬಾಗಿಲ ಸಂದಿಗೆ ತಗಡು ಹೊಡೆಸಿ. ಹೊಲಕ್ಕೆ, ಬದುವಿಗೆ ಬಿಲ್ಲೆ ಎರಚೋದಕ್ಕೆ ಅಂತ ಗಿರಾಕಿ ಕೇಳಿದರೆ ಕೊಡೋ ಮುಂಚೆ ಈ ಒಂದು ಮಾತು ಹೇಳಿ. ನಿಮ್ಮ ಬಾಯಿಂದ ಬಂದ ಮಾತಿಗೆ ಕರಪತ್ರಕ್ಕಿಂತ ಬೆಲೆ ಹೆಚ್ಚು.

‘ಖರಾಬು’ ಅಂದರೆ ಯಾರಿಗೆ ಖರಾಬು?

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಜಾಗ. ನಮ್ಮ ತುಮಕೂರು ಜಿಲ್ಲೆಯ ಪೂರ್ವದ ತಾಲ್ಲೂಕುಗಳಲ್ಲಿ ಬಸ್ಸಿನಲ್ಲಿ ಹೋಗೋರು ಗಮನಿಸಿರಬಹುದು. ಊರಾಚೆ ಮರವಿಲ್ಲದ, ಉಳುಮೆಯಿಲ್ಲದ ಬಯಲು. ಮಳೆಗಾಲದಲ್ಲಿ ಹಸಿರು, ದೀಪಾವಳಿ ಕಳೆದರೆ ಹೊಂಬಣ್ಣ. ನಾವು ಅದನ್ನ ಬೀಳು ಅಂತೀವಿ, ಪಾಳು ಅಂತೀವಿ. ಕಂದಾಯದ ಪುಸ್ತಕ ಅದನ್ನ ‘ಖರಾಬು’ ಅಂತ ಬರೆದುಕೊಳ್ಳುತ್ತೆ. ದೇಶದ ಲೆಕ್ಕದಲ್ಲೂ ಇಂಥ ಹುಲ್ಲುಗಾವಲಿನ ಎಷ್ಟೋ ಭಾಗ ‘ಬಂಜರು’ ಪಟ್ಟಿಗೆ ಸೇರಿದೆ. ಒಮ್ಮೆ ಬಂಜರು ಅಂತ ಹೆಸರು ಬಿತ್ತು ಅಂದರೆ ಮುಗೀತು, ಯಾರು ಕೇಳಿದರೂ ಕೊಡಬಹುದು.

ಕುರಿ ದನ ಮೇಯಿಸೋರನ್ನ ಕೇಳಿ, ಅದು ಪಾಳೋ ಅಲ್ಲವೋ ಅಂತ. ಕೃಷ್ಣಮೃಗ, ಮೊಲ, ನರಿ, ನೆಲಗುಬ್ಬಿ, ಚಳಿಗಾಲದಲ್ಲಿ ಬರೋ ಸೆಳೆವ ಹದ್ದುಗಳು, ಈ ಗೂಬೆ, ಎಲ್ಲಕ್ಕೂ ಅದೇ ಮನೆ. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ರಾಸುಗಳಿಗೆ ಅಂತ ಕಾದಿಟ್ಟ ಕಾವಲುಗಳು ಒಂದು ಕಾಲದಲ್ಲಿ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಈಗ ಉಳಿದಿರೋದು ಅದರ ಐದನೇ ಒಂದು ಪಾಲಿಗಿಂತ ಕಡಿಮೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆ ರೈತರ ಜಮೀನು ಗುತ್ತಿಗೆಗೆ ಹೋಗಿ ಸೌರ ವಿದ್ಯುತ್ತಿನ ಫಲಕಗಳು ಎದ್ದು ನಿಂತಿವೆ. ಕಾರ್ಖಾನೆ ಬೇಡ, ಕರೆಂಟು ಬೇಡ ಅನ್ನೋ ಮಾತಲ್ಲ ಇದು. ಹುಡುಗರಿಗೆ ಕೆಲಸ ಬೇಕು, ಮಳೆ ಇಲ್ಲದ ಸೀಮೆಯ ರೈತನಿಗೆ ವರ್ಷಾವರಿ ಕಾಸು ಬೇಕು. ಆದರೆ ಬಯಲೆಲ್ಲಾ ಒಂದೊಂದೇ ಖರ್ಚಾಗ್ತಾ ಹೋದರೆ ಉಳಿಕೆ ಎಷ್ಟು ಅಂತ ಯಾರಾದರೂ ಕಿರ್ದಿ ಬರೆದಿಡಬೇಕೋ ಬೇಡವೋ?

ಇನ್ನು ಗಿಡ ನೆಡೋ ಉತ್ಸಾಹ. ವನಮಹೋತ್ಸವ ಬಂತು ಅಂದರೆ ಖಾಲಿ ಕಂಡ ಹುಲ್ಲುಗಾವಲಿಗೆಲ್ಲಾ ಗುಂಡಿ ತೋಡಿ ನೀಲಗಿರಿಯೋ ಅಕೇಶಿಯವೋ ನೆಟ್ಟು ಫೋಟೋ ತೆಗೆಸಿಕೊಳ್ಳೋದು. ಮರ ಒಳ್ಳೇದೇ, ಆದರೆ ಎಲ್ಲಾ ಕಡೆ ಅಲ್ಲ. ಹುಲ್ಲಿನ ನೆಲದಲ್ಲಿ ಮರ ದಟ್ಟವಾದರೆ ಹುಲ್ಲು ಸಾಯುತ್ತೆ, ಹುಲ್ಲು ಸತ್ತರೆ ನೆಲದ ಮೇಲೆ ಕೂರೋ ಹಕ್ಕಿಗೆ ಅಲ್ಲಿ ಕೆಲಸವಿಲ್ಲ. ಹಾವೇರಿ ಜಿಲ್ಲೆ ನೋಡಿ. 1974ರಲ್ಲಿ ಕೃಷ್ಣಮೃಗಕ್ಕೆ ಅಂತ ಘೋಷಿಸಿದ ರಾಣೇಬೆನ್ನೂರು ಧಾಮ 119 ಚದರ ಕಿಲೋಮೀಟರ್. ಅದರ ಬಹುಭಾಗದಲ್ಲಿ ನೀಲಗಿರಿ ತೋಪು. ಬಯಲು ಬೇಡೋ ಪ್ರಾಣಿಗೆ ತೋಪು ಕೊಟ್ಟ ಹಾಗಾಯಿತು.

ಬೆಳಕು ಇಲ್ಲದೇ ಇಲ್ಲ

ಎಲ್ಲಾ ನಿರಾಸೆಯ ಮಾತೇ ಬೇಡ. ನಮ್ಮ ಜಿಲ್ಲೆಯಲ್ಲೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲು, 798 ಎಕರೆ, 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಬೆಂಗಳೂರಿನ ಮಗ್ಗುಲಲ್ಲಿರೋ ಹೆಸರಘಟ್ಟದ ಹುಲ್ಲುಗಾವಲಿಗೆ ಈ ಗೂಬೆ ಚಳಿಗಾಲದಲ್ಲಿ ಬರುತ್ತೆ. ಅಲ್ಲಿ ಚಿತ್ರನಗರಿ ಕಟ್ಟೋ ಮಾತು ಬಂದಿತ್ತು. ಪಕ್ಷಿಪ್ರೇಮಿಗಳೂ ಸುತ್ತಲಿನವರೂ ವರ್ಷಗಟ್ಟಲೆ ಬೆನ್ನು ಬಿದ್ದದ್ದರಿಂದ 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿನ 5,678 ಎಕರೆಯನ್ನ ಸಂರಕ್ಷಣಾ ಮೀಸಲು ಮಾಡೋದಕ್ಕೆ ಒಪ್ಪಿಗೆ ಕೊಟ್ಟಿತು. ರಾಜಧಾನಿ ಪಕ್ಕ, ಅಡಿ ಲೆಕ್ಕದಲ್ಲಿ ಜಾಗ ಮಾರೋ ಕಡೆ ಇಷ್ಟು ಸಾಧ್ಯವಾದರೆ ನಮ್ಮ ಹೋಬಳಿಗಳಲ್ಲಿ ಯಾಕೆ ಆಗಬಾರದು?

ಆಗಬೇಕಾದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಗ್ರಾಮ ಪಂಚಾಯ್ತಿಯವರು ತಮ್ಮ ಗೋಮಾಳ ಎಷ್ಟು ಎಕರೆ, ಒತ್ತುವರಿ ಎಷ್ಟು ಅಂತ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಗಿಡ ನೆಡೋದಾದರೆ ರಸ್ತೆ ಬದಿ, ಕೆರೆ ಏರಿ, ಶಾಲೆ ಅಂಗಳ ಇದೆ. ಹುಲ್ಲುಗಾವಲನ್ನ ಹುಲ್ಲುಗಾವಲಾಗೇ ಬಿಡಲಿ. ಕುರಿ ಮೇಯಿಸೋರಿಗೆ ಅಡ್ಡಿ ಮಾಡಬೇಕಿಲ್ಲ, ಅಲ್ಲಲ್ಲಿ ಒಂದಷ್ಟು ಎತ್ತರದ ಹುಲ್ಲು ಫೆಬ್ರವರಿ ಕೊನೆ ತನಕ ಉಳಿದರೆ ಸಾಕು. ಬೀಡಿ ಸೇದಿ ಕಡ್ಡಿ ಎಸೆಯೋರು, ಹುಲ್ಲಿಗೆ ಬೇಕಂತಲೇ ಬೆಂಕಿ ಇಡೋರು ಒಂದು ಕ್ಷಣ ಯೋಚಿಸಲಿ. ಗೂಬೆ ಮಲಗಿರೋದು ಅದೇ ಹುಲ್ಲಿನ ಬುಡದಲ್ಲಿ. ಭಾನುವಾರ ಬಯಲಿಗೆ ಜೀಪು ನುಗ್ಗಿಸಿಕೊಂಡು ಹೋಗಿ ಹಕ್ಕಿ ಎಬ್ಬಿಸಿ ಫೋಟೋ ಹೊಡೆಯೋ ಪಟ್ಟಣದ ಹುಡುಗರಿಗೂ ಇದೇ ಮಾತು. ಗಾಯಗೊಂಡ ಗೂಬೆ ಸಿಕ್ಕರೆ ರಟ್ಟಿನ ಪೆಟ್ಟಿಗೆಯಲ್ಲಿ ತೂತು ಮಾಡಿ ಇಟ್ಟು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಮುಟ್ಟಿಸಿ. ಹಾಲು ಕುಡಿಸೋದು, ಅನ್ನ ತಿನ್ನಿಸೋದು ಬೇಡ.

ಈ ಚಳಿಗಾಲದಲ್ಲಿ ಸಂಜೆ ಐದೂವರೆ ಆರರ ಬಸ್ಸಿನಲ್ಲಿ ಊರಿಗೆ ಹೋಗುವಾಗ ಮೊಬೈಲ್ ಒಂದು ಹತ್ತು ನಿಮಿಷ ಜೇಬಿಗೆ ಹಾಕಿ, ಕಿಟಕಿಯಾಚೆ ಬಯಲು ನೋಡಿ. ಹೊತ್ತು ಮುಳುಗೋ ಬೆಳಕಲ್ಲಿ ಹುಲ್ಲಿನ ಮೇಲೆ ಸದ್ದಿಲ್ಲದೆ ತೇಲೋ ಉದ್ದ ರೆಕ್ಕೆಯ ಹಕ್ಕಿ ಕಂಡರೆ ಪಕ್ಕದ ಸೀಟಿನವರಿಗೂ ತೋರಿಸಿ. ಕಾಣದಿದ್ದರೂ ಬೇಜಾರಿಲ್ಲ, ಆ ಬಯಲು ಇನ್ನೂ ಇದೆಯಲ್ಲ ಅಂತ ಸಮಾಧಾನ ಪಡಿ. ಮುಂದಿನ ವರ್ಷ ಅಲ್ಲಿ ಗುಂಡಿ ತೋಡೋದೋ, ಕಲ್ಲು ನೆಡೋದೋ ಕಂಡರೆ ಮಾತ್ರ ಸುಮ್ಮನಿರಬೇಡಿ. ಪಂಚಾಯ್ತಿ ಬಾಗಿಲಿಗೆ ಹೋಗಿ ‘ಇದು ಯಾರ ಅಪ್ಪಣೆ?’ ಅಂತ ಕೇಳಿ. ಗೋಮಾಳ ಊರಿನ ಆಸ್ತಿ, ಕೇಳೋ ಹಕ್ಕು ನಿಮ್ಮದು.